ಕೀಕ್ಯಾಡ್‌ನಲ್ಲಿ ಮೊದಲ ಸರ್ಕ್ಯೂಟ್: ವೈರ್ ಮುಟ್ಟಿದಂತೆ ಕಂಡೂ ಸೇರದಿದ್ದಾಗ ದೋಷ ಹುಡುಕುವ ಬಗೆ

ಕೀಕ್ಯಾಡ್ ಅಂದರೆ ಕಂಪ್ಯೂಟರಿನಲ್ಲಿ ಸರ್ಕ್ಯೂಟ್ ಬರೆದು ಅದರ ಬೋರ್ಡ್ ವಿನ್ಯಾಸ ಮಾಡುವ ಸಾಫ್ಟ್‌ವೇರ್. ಅದರಲ್ಲಿ ಹೊಸದಾಗಿ ಸರ್ಕ್ಯೂಟ್ ಬರೆಯುವವರ ದೂರು ಹೆಚ್ಚುಕಮ್ಮಿ ಒಂದೇ. "ಸಾರ್, ಎಲ್ಲಾ ಸರಿಯಾಗಿ ಜೋಡಿಸಿದ್ದೀನಿ, ಆದ್ರೂ ಎರರ್ ಬರ್ತಿದೆ." ಸ್ಕ್ರೀನ್ ನೋಡಿದರೆ ನಿಜಕ್ಕೂ ಸರಿಯಾಗೇ ಕಾಣುತ್ತದೆ. ವೈರ್ ಪಿನ್ನಿಗೆ ಮುಟ್ಟಿದೆ, ಗ್ರೌಂಡ್ ಗುರುತು ಜಾಗದಲ್ಲಿದೆ, ಹೆಸರುಗಳೂ ಇವೆ. ಆದರೆ ಜೋಡಣೆ ಪರೀಕ್ಷಿಸುವ ಇಆರ್‌ಸಿ ಓಡಿಸಿದ ಕೂಡಲೇ ಚಿತ್ರದ ತುಂಬಾ ಬಾಣದ ಗುರುತುಗಳು ಏಳುತ್ತವೆ.

ಕೀಕ್ಯಾಡ್ ನಮ್ಮ ಹಾಗೆ ಚಿತ್ರ ನೋಡುವುದಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅದು ನೋಡುವುದು ಎರಡೇ ಸಂಗತಿ. ಯಾವ ತುದಿ ಯಾವ ತುದಿಯ ಮೇಲೆ ಕೂತಿದೆ? ಯಾವ ಹೆಸರು ಯಾವ ಹೆಸರಿಗೆ ಸಮ? ಈ ಎರಡರಿಂದ ಅದು ನೆಟ್‌ಗಳ ಪಟ್ಟಿ ಮಾಡಿಕೊಳ್ಳುತ್ತದೆ. ವಿದ್ಯುತ್ತಿನ ಲೆಕ್ಕದಲ್ಲಿ ಒಂದೇ ಆಗಿ ಸೇರಿರುವ ಪಿನ್‌ಗಳ ಗುಂಪು ಒಂದು ನೆಟ್. ಮುಂದೆ ಬೋರ್ಡ್ ಹುಟ್ಟುವುದು ಈ ಪಟ್ಟಿಯಿಂದಲೇ. ಹಾಗಾಗಿ ದೋಷ ಹುಡುಕುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಪಿನ್ ಯಾವ ನೆಟ್‌ನಲ್ಲಿದೆ? ಈ ಬರಹದ ಎಲ್ಲ ಉಪಾಯಗಳೂ ಆ ಪ್ರಶ್ನೆಗೆ ಉತ್ತರ ತೆಗೆಯುವ ದಾರಿಗಳೇ.

ನಮ್ಮ ಮಾದರಿ ಸರ್ಕ್ಯೂಟ್

ಮಂಡ್ಯದ ಕಡೆಯ ಡಿಪ್ಲೊಮಾ ಹುಡುಗನೊಬ್ಬ ಪ್ರಾಜೆಕ್ಟಿಗೆಂದು ಬರೆದ ಸರ್ಕ್ಯೂಟ್ ಇಟ್ಟುಕೊಳ್ಳೋಣ. ಕರೆಂಟ್ ಇರುವಾಗ ಮೇಲಿನ ಟ್ಯಾಂಕ್ ತುಂಬಿಸಿಕೊಳ್ಳಬೇಕು, ತುಂಬಿದ ಮೇಲೆ ಪಂಪ್ ತಾನಾಗಿ ನಿಲ್ಲಬೇಕು. ಮನೆಯಲ್ಲಿ ಯಾರೂ ಸ್ವಿಚ್ ಹತ್ತಿರ ಕಾಯುತ್ತಾ ಕೂರಬಾರದು. 12 ವೋಲ್ಟ್ ಅಡಾಪ್ಟರ್, ಅದು ತಿರುಗುಮುರುಗಾದರೆ ಕಾಪಾಡಲು 1ಎನ್4007 ಡಯೋಡ್, 5 ವೋಲ್ಟಿಗೆ 7805 ರೆಗ್ಯುಲೇಟರ್, ನೀರಿನ ಮಟ್ಟ ತಿಳಿಯಲು ಟ್ಯಾಂಕಿನೊಳಗೆ ಪ್ರೋಬ್‌ಗಳು, ತೀರ್ಮಾನಕ್ಕೆ 555 ಐಸಿ, ರಿಲೇ ಎಳೆಯಲು ಬಿಸಿ547 ಟ್ರಾನ್ಸಿಸ್ಟರ್. ರಿಲೇ ನೇರವಾಗಿ ಮೋಟಾರ್ ಓಡಿಸುವುದಿಲ್ಲ. ಸ್ಟಾರ್ಟರ್‌ನಲ್ಲಿರುವ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡುತ್ತದೆ. ಮೋಟಾರ್ ಶುರುವಾಗುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಬೋರ್ಡಿನ ಮೇಲಿನ ಸಣ್ಣ ರಿಲೇ ಅದನ್ನು ತಾಳಿಕೊಳ್ಳುವುದಿಲ್ಲ.

ಇದು ಸಣ್ಣ ಸರ್ಕ್ಯೂಟ್. ಆದರೆ ಹೊಸಬರಿಗೆ ಬರುವ ದೋಷಗಳಲ್ಲಿ ಹೆಚ್ಚಿನವು ಇದರೊಳಗೇ ಇವೆ.

ಕೀಕ್ಯಾಡ್ ಬಗ್ಗೆ ಎರಡು ಮಾತು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜಾಂ-ಪಿಯೆರ್ ಶಾರಾಸ್ 1992ರಲ್ಲಿ ಇದನ್ನು ಶುರು ಮಾಡಿದರು. ಯುರೋಪಿನ ಸರ್ನ್ ಪ್ರಯೋಗಾಲಯ 2013ರಿಂದ ಇದರ ಬೆಳವಣಿಗೆಗೆ ಕೈಜೋಡಿಸಿತು. ಇದಕ್ಕೆ ಲೈಸೆನ್ಸ್ ದುಡ್ಡಿಲ್ಲ, ಬೋರ್ಡಿನ ಅಳತೆಗೆ ಮಿತಿಯೂ ಇಲ್ಲ. ಕಾಲೇಜಿನ ಲ್ಯಾಬಿನಲ್ಲಿ ಕಲಿತದ್ದನ್ನೇ ಮನೆಯ ಲ್ಯಾಪ್‌ಟಾಪಿನಲ್ಲಿ ಮುಂದುವರಿಸಬಹುದು, ಕೆಲಸಕ್ಕೆ ಸೇರಿದ ಮೇಲೂ ಬಳಸಬಹುದು. ನಂಜನಗೂಡಿನಲ್ಲಿ ಎಟಿ ಅಂಡ್ ಎಸ್‌ನಂಥ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಕಾರ್ಖಾನೆ ಇರುವ ಸೀಮೆ ನಮ್ಮದು. ಇಲ್ಲಿಯ ಮಕ್ಕಳು ಇದನ್ನು ಪರೀಕ್ಷೆಗಷ್ಟೇ ಕಲಿತು ಬಿಡಬಾರದು ಅನ್ನುವುದು ನನ್ನ ಆಸೆ. ಇಲ್ಲಿ ಬರೆದಿರುವುದು 2025ರ ಫೆಬ್ರುವರಿಯಲ್ಲಿ ಬಂದ 9ನೇ ಆವೃತ್ತಿಯನ್ನು ಮುಂದಿಟ್ಟುಕೊಂಡು. 7 ಮತ್ತು 8ರಲ್ಲೂ ಹೆಚ್ಚಿನದು ಹೀಗೇ ಇದೆ.

ಶುರುವಿನಲ್ಲೇ ನಿಂತರೆ

ಎ ಕೀ ಒತ್ತಿದರೆ ಸಿಂಬಲ್‌ಗಳ, ಅಂದರೆ ಬಿಡಿಭಾಗಗಳನ್ನು ತೋರಿಸುವ ಗುರುತುಗಳ ಪಟ್ಟಿ ತೆರೆಯಬೇಕು. ಪಟ್ಟಿ ಖಾಲಿ ಇದ್ದರೆ ಸಾಫ್ಟ್‌ವೇರ್ ಕೆಟ್ಟಿಲ್ಲ, ಲೈಬ್ರರಿ ಪಟ್ಟಿ ಕೂತಿಲ್ಲ ಅಷ್ಟೇ. ಮೊದಲ ಸಲ ಸ್ಕೆಮ್ಯಾಟಿಕ್ ಎಡಿಟರ್ (ಸರ್ಕ್ಯೂಟಿನ ಚಿತ್ರ ಬರೆಯುವ ಕಿಟಕಿ) ತೆರೆದಾಗ ಅದು ಒಂದು ಪ್ರಶ್ನೆ ಕೇಳುತ್ತದೆ. ಡೀಫಾಲ್ಟ್ ಲೈಬ್ರರಿ ಪಟ್ಟಿಯನ್ನು ಕಾಪಿ ಮಾಡಿಕೊಳ್ಳಲೇ, ಖಾಲಿ ಪಟ್ಟಿ ಮಾಡಲೇ ಅಂತ. ಓದದೆ ಖಾಲಿ ಪಟ್ಟಿ ಆರಿಸಿದರೆ ಹೀಗಾಗುತ್ತದೆ. ಕೀಕ್ಯಾಡ್ ಮುಚ್ಚಿ, ಅದರ ಸೆಟ್ಟಿಂಗ್ಸ್ ಫೋಲ್ಡರ್‌ನಲ್ಲಿರುವ ಸಿಂಬಲ್ ಲೈಬ್ರರಿ ಟೇಬಲ್ ಫೈಲನ್ನು ಬೇರೆ ಕಡೆ ಸರಿಸಿ ಮತ್ತೆ ತೆರೆಯಿರಿ. ಪ್ರಶ್ನೆ ಮತ್ತೆ ಬರುತ್ತದೆ, ಈ ಸಲ ಡೀಫಾಲ್ಟ್ ಆರಿಸಿ. ಲಿನಕ್ಸ್‌ನಲ್ಲಿ ಇನ್ನೊಂದು ಕಾರಣವಿರಬಹುದು. ಸಿಂಬಲ್ ಮತ್ತು ಫುಟ್‌ಪ್ರಿಂಟ್‌ಗಳು (ಬಿಡಿಭಾಗದ ಕಾಲುಗಳು ಬೋರ್ಡಿನ ಮೇಲೆ ಕೂರುವ ಅಚ್ಚು) ಬೇರೆ ಪ್ಯಾಕೇಜ್‌ಗಳಾಗಿ ಬರುತ್ತವೆ. ಮುಖ್ಯ ಪ್ಯಾಕೇಜ್ ಮಾತ್ರ ಹಾಕಿಕೊಂಡಿದ್ದರೆ ಅವನ್ನೂ ಹಾಕಿಕೊಳ್ಳಬೇಕು.

ಇನ್ನೊಂದು ಗೋಳು ಆವೃತ್ತಿಯದು. ಮನೆಯಲ್ಲಿ 9ರಲ್ಲಿ ಬರೆದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು ಲ್ಯಾಬಿನ 7ರಲ್ಲಿ ತೆರೆಯಲು ಹೋದರೆ ತೆರೆಯುವುದಿಲ್ಲ. ಹೊಸದು ಹಳೆಯದನ್ನು ಓದುತ್ತದೆ, ಹಳೆಯದು ಹೊಸದನ್ನು ಓದುವುದಿಲ್ಲ. ಪ್ರಾಜೆಕ್ಟ್ ಶುರು ಮಾಡುವ ಮೊದಲೇ ಲ್ಯಾಬಿನವರ ಜೊತೆ ಮಾತಾಡಿ ಒಂದೇ ಆವೃತ್ತಿಗೆ ಬನ್ನಿ. ಸೀನಿಯರ್‌ಗಳಿಂದ ಸಿಕ್ಕ 5ನೇ ಆವೃತ್ತಿಯ ಫೈಲ್ ತೆರೆದಾಗ ಸಿಂಬಲ್ ಇರಬೇಕಾದಲ್ಲಿ ಪ್ರಶ್ನೆ ಚಿಹ್ನೆಯ ಡಬ್ಬಿಗಳು ಕಂಡರೆ, ಜೊತೆಗಿದ್ದ ಕ್ಯಾಶ್ ಲೈಬ್ರರಿ ಫೈಲ್ ಬಿಟ್ಟುಹೋಗಿದೆ ಅಂತ ಅರ್ಥ. ಆಗ ಸಿಂಬಲ್‌ಗಳು ಬೇರೆ ಫೈಲಿನಲ್ಲಿ ಇರುತ್ತಿದ್ದವು. 2021ರ ಕೊನೆಗೆ ಬಂದ 6ರಿಂದ ಅವು ಸ್ಕೆಮ್ಯಾಟಿಕ್ ಫೈಲಿನೊಳಗೇ ಸೇರಿಕೊಳ್ಳುತ್ತವೆ.

ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಯಿತಾ? ಗಾಬರಿ ಬೇಡ. ಮತ್ತೆ ತೆರೆದಾಗ ಆಟೋಸೇವ್ ಆದದ್ದನ್ನು ತರಲೇ ಅಂತ ಕೇಳುತ್ತದೆ. ಪ್ರಾಜೆಕ್ಟ್ ಫೋಲ್ಡರ್‌ನೊಳಗೆ ಬ್ಯಾಕಪ್ಸ್ ಅನ್ನುವ ಹೆಸರಿನ ಇನ್ನೊಂದು ಫೋಲ್ಡರ್ ಇರುತ್ತದೆ. ಅದರಲ್ಲಿ ಹಿಂದಿನ ಪ್ರತಿಗಳು ಜಿಪ್ ಫೈಲಾಗಿ ಕೂತಿರುತ್ತವೆ.

ಮುಟ್ಟಿದೆ, ಸೇರಿಲ್ಲ

ಇಲ್ಲಿಂದ ಮುಂದೆ ನಿಜವಾದ ದೋಷಗಳು. ಕೀಕ್ಯಾಡ್‌ನ ಸಿಂಬಲ್‌ಗಳ ಪಿನ್ ತುದಿಗಳು 50 ಮಿಲ್ ಗ್ರಿಡ್ ಮೇಲೆ ಕೂರುವಂತೆ ಮಾಡಿರುತ್ತಾರೆ, ಅಂದರೆ 1.27 ಮಿಲಿಮೀಟರ್ ಅಂತರದ ಚುಕ್ಕಿಗಳ ಮೇಲೆ. ನೀವು ಒಂದು ಸಿಂಬಲನ್ನು ಚೂರು ಅಂದವಾಗಿ ಕೂರಿಸಬೇಕು ಅಂತ ಗ್ರಿಡ್ ಸಣ್ಣದು ಮಾಡಿ ಸರಿಸಿದಿರಿ ಅಂದುಕೊಳ್ಳಿ. ಆಮೇಲೆ 50ರ ಗ್ರಿಡ್‌ಗೆ ಮರಳಿ ವೈರ್ ಎಳೆದಿರಿ. ಈಗ ವೈರಿನ ತುದಿ ಪಿನ್ನಿನ ತುದಿಗೆ ಕೂದಲೆಳೆಯಷ್ಟು ತಪ್ಪಿರುತ್ತದೆ. ಮಾಮೂಲಿ ಝೂಮ್‌ನಲ್ಲಿ ಅದು ಕಾಣುವುದೇ ಇಲ್ಲ.

ಆದರೆ ಕೀಕ್ಯಾಡ್ ಸುಳಿವು ಕೊಟ್ಟಿರುತ್ತದೆ. ಸೇರದ ಪಿನ್ನಿನ ತುದಿಯಲ್ಲಿ ಸಣ್ಣ ಸೊನ್ನೆ ಇರುತ್ತದೆ. ಸೇರದ ವೈರಿನ ತುದಿಯಲ್ಲಿ ಸಣ್ಣ ಚೌಕ ಇರುತ್ತದೆ. ಜೋಡಣೆ ಆದ ಕ್ಷಣ ಎರಡೂ ಮಾಯ. ಹಾಗಾಗಿ ವೈರ್ ಎಳೆದಾಗೆಲ್ಲ ಆ ಸೊನ್ನೆ ಹೋಯಿತಾ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೋಗದಿದ್ದರೆ ಅಲ್ಲೇ ನಿಲ್ಲಿ. ಇಆರ್‌ಸಿಯಲ್ಲಿ ಗ್ರಿಡ್ ತಪ್ಪಿದ್ದಕ್ಕೆ ಬೇರೆಯದೇ ವಾರ್ನಿಂಗ್ ಇದೆ. ಅದನ್ನು ವಾರ್ನಿಂಗ್ ತಾನೇ ಅಂತ ಬಿಡಬೇಡಿ, ಮುಂದಿನ ಹತ್ತಾರು ಎರರ್‌ಗಳ ಮೂಲ ಅಲ್ಲಿರಬಹುದು. ಎಲ್ಲವನ್ನೂ ಸೆಲೆಕ್ಟ್ ಮಾಡಿ ಬಲಗಡೆ ಕ್ಲಿಕ್ ಮಾಡಿದರೆ ಗ್ರಿಡ್‌ಗೆ ಹೊಂದಿಸುವ ಆಯ್ಕೆ ಸಿಗುತ್ತದೆ. ಅದಕ್ಕೂ ಮೊದಲು ಗ್ರಿಡ್ 50 ಮಿಲ್‌ಗೆ ಇದೆ ಅಂತ ಕೆಳಗಿನ ಪಟ್ಟಿಯಲ್ಲಿ ಖಚಿತ ಮಾಡಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಕೆಲವು ಸರ್ಕ್ಯೂಟ್ ಮುಗಿಯುವವರೆಗೆ ಗ್ರಿಡ್ ಬದಲಿಸಲೇಬೇಡಿ.

ಎಮ್ ಮತ್ತು ಜಿ ಕೀಗಳ ವ್ಯತ್ಯಾಸವೂ ಇಲ್ಲೇ ಬರುತ್ತದೆ. ಎಮ್ ಒತ್ತಿ ಸಿಂಬಲ್ ಸರಿಸಿದರೆ ಅದು ಮಾತ್ರ ಸರಿಯುತ್ತದೆ, ವೈರ್‌ಗಳು ಹಿಂದೆಯೇ ಉಳಿಯುತ್ತವೆ. ಜಿ ಒತ್ತಿದರೆ ವೈರ್‌ಗಳೂ ಜೊತೆಗೆ ಎಳೆದುಕೊಂಡು ಬರುತ್ತವೆ. ಜೋಡಣೆ ಮುಗಿದ ಮೇಲೆ ಚಿತ್ರ ಅಚ್ಚುಕಟ್ಟು ಮಾಡಲು ಎಮ್ ಬಳಸಿದರೆ, ಸರಿಯಿದ್ದ ಸರ್ಕ್ಯೂಟ್ ಸದ್ದಿಲ್ಲದೆ ಬಿಟ್ಟುಕೊಳ್ಳುತ್ತದೆ. "ನಿನ್ನೆ ಎರರ್ ಇರಲಿಲ್ಲ, ಇವತ್ತು ಬಂತು" ಅನ್ನುವವರು ಮೊದಲು ನೋಡಬೇಕಾದ್ದು ಇದನ್ನು.

ಎರಡು ವೈರ್ ಒಂದನ್ನೊಂದು ದಾಟಿದರೆ ಅವು ಸೇರಿದ ಹಾಗಲ್ಲ. ಸೇರಿದ್ದರೆ ಅಲ್ಲಿ ಚುಕ್ಕೆ ಇರಬೇಕು. ಬೇಕಿದ್ದರೆ ಜೆ ಒತ್ತಿ ಚುಕ್ಕೆ ಇಡಬಹುದು. ಆದರೆ ನಾಲ್ಕು ಕಡೆಯಿಂದ ವೈರ್ ಬಂದು ಒಂದೇ ಚುಕ್ಕೆಯಲ್ಲಿ ಸೇರುವ ಹಾಗೆ ಬರೆಯದಿರುವುದೇ ಒಳ್ಳೆಯದು. ಪ್ರಿಂಟ್ ತೆಗೆದಾಗ ಆ ಚುಕ್ಕೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಎರಡು ಟಿ ಆಕಾರದ ಕೂಡುಗಳಾಗಿ ಚೂರು ದೂರ ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನು, ವೈರ್ ಅಲ್ಲದ ಗೆರೆ. ಡಬ್ಲ್ಯೂ ಒತ್ತಿದರೆ ವೈರ್. ಚಿತ್ರಕ್ಕೆಂದು ಇರುವ ಗೆರೆ ಬೇರೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಬಲಗಡೆಯ ಪಟ್ಟಿಯಲ್ಲಿ ತಪ್ಪು ಉಪಕರಣ ಆರಿಸಿದರೆ ಸರ್ಕ್ಯೂಟ್ ಪೂರ್ತಿ ಅಲಂಕಾರದ ಗೆರೆಯಲ್ಲೇ ಬರೆದು ಮುಗಿಸಬಹುದು. ಬಣ್ಣ ಬದಲಿಸಿರದಿದ್ದರೆ ವೈರ್ ಹಸಿರು. ಹಸಿರಿಲ್ಲದ ಗೆರೆ ಕಂಡರೆ ಕ್ಲಿಕ್ ಮಾಡಿ ಅದು ಏನೆಂದು ಕೆಳಗೆ ಓದಿ.

ಹೆಸರಿನಿಂದ ಸೇರುವುದು, ಹೆಸರಿನಿಂದ ತಪ್ಪುವುದು

ಪ್ರೋಬ್‌ಗಳ ಕನೆಕ್ಟರ್ ಹಾಳೆಯ ಒಂದು ಮೂಲೆಯಲ್ಲಿ, 555 ಇನ್ನೊಂದು ಮೂಲೆಯಲ್ಲಿ. ಮಧ್ಯೆ ಉದ್ದ ವೈರ್ ಎಳೆಯುವ ಬದಲು ಎರಡೂ ಕಡೆ ಒಂದೇ ಲೇಬಲ್ ಹಾಕಿದರೆ ಸಾಕು. ಆದರೆ ಲೇಬಲ್ ಎಲ್ ಕೀಯಿಂದ ಬರಬೇಕು. ಟಿ ಒತ್ತಿದರೆ ಬರುವುದು ಬರೀ ಅಕ್ಷರ. ಅದು ಓದುವವರಿಗೆ ಟಿಪ್ಪಣಿ, ಕೀಕ್ಯಾಡ್‌ಗೆ ಏನೂ ಅಲ್ಲ. ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.

ಲೇಬಲ್ ಸರಿಯಾಗಿದ್ದರೂ ಅಕ್ಷರ ಸರಿಯಿರಬೇಕು. ಒಂದು ಕಡೆ ಎಲ್ಲ ದೊಡ್ಡಕ್ಷರದಲ್ಲಿ, ಇನ್ನೊಂದು ಕಡೆ ಮೊದಲನೆಯದು ಮಾತ್ರ ದೊಡ್ಡಕ್ಷರದಲ್ಲಿ ಪ್ರೋಬ್ ಅಂತ ಬರೆದರೆ ಅವು ಎರಡು ಬೇರೆ ನೆಟ್. ಹೆಸರಿನ ಕೊನೆಗೆ ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ ಅನ್ನುವ ಗೊಂದಲವೂ ಹೀಗೇ. ಲೇಬಲ್‌ಗೂ ಒಂದು ಹಿಡಿಯುವ ಬಿಂದು ಇದೆ. ಅದು ವೈರಿನ ಮೇಲೇ ಕೂರಬೇಕು. ಪಕ್ಕದಲ್ಲಿ ತೇಲುತ್ತಿದ್ದರೆ ಸೇರಿಲ್ಲ. ಒಂದಕ್ಕಿಂತ ಹೆಚ್ಚು ಹಾಳೆ ಬಳಸುವವರು ನೆನಪಿಡಿ: ಮಾಮೂಲಿ ಲೇಬಲ್ ಆ ಹಾಳೆಯೊಳಗೆ ಮಾತ್ರ ಸೇರುತ್ತದೆ, ಗ್ಲೋಬಲ್ ಲೇಬಲ್ ಎಲ್ಲ ಹಾಳೆಗಳಲ್ಲೂ ಸೇರುತ್ತದೆ.

ಈಗ ಅನುಮಾನ ಬಂದ ಕಡೆ ಏನು ಮಾಡಬೇಕು? ಕಣ್ಣಿಂದ ಅಳೆಯಬೇಡಿ. ನೆಟ್ ಹೈಲೈಟ್ ಮಾಡಿ. ಮೌಸನ್ನು ವೈರ್ ಮೇಲಿಟ್ಟು ಎಸ್ಕೇಪ್ ಕೀಯ ಕೆಳಗಿರುವ ಕೀ ಒತ್ತಿದರೆ ಆ ನೆಟ್‌ನಲ್ಲಿರುವುದೆಲ್ಲ ಒಟ್ಟಿಗೆ ಬಣ್ಣ ಬದಲಿಸುತ್ತದೆ. ಸೇರಿದೆ ಅಂತ ನೀವು ಅಂದುಕೊಂಡ ಪಿನ್ ಮಿನುಗದಿದ್ದರೆ ಅದು ಸೇರಿಲ್ಲ. ಸೇರಬಾರದ್ದು ಮಿನುಗಿದರೆ ಎಲ್ಲೋ ಶಾರ್ಟ್ ಆಗಿದೆ. ವೈರನ್ನು ಕ್ಲಿಕ್ ಮಾಡಿದರೆ ಕೆಳಗಿನ ಪಟ್ಟಿಯಲ್ಲಿ ಆ ನೆಟ್‌ನ ಹೆಸರೂ ಬರುತ್ತದೆ. ನೀವು ಹೆಸರಿಡದಿದ್ದರೆ ಯಾವುದಾದರೂ ಪಿನ್ನಿನ ಹೆಸರಿಟ್ಟುಕೊಂಡು ಕೀಕ್ಯಾಡೇ ಒಂದು ಹೆಸರು ಕೊಟ್ಟಿರುತ್ತದೆ. ಬೋರ್ಡಿನ ಮೇಲೆ ಮಲ್ಟಿಮೀಟರ್ ಬೀಪ್ ಮಾಡಿ ನೋಡುತ್ತೇವಲ್ಲ, ಆ ಕೆಲಸವನ್ನು ಬೋರ್ಡ್ ಮಾಡಿಸುವ ಮೊದಲೇ, ಖರ್ಚಿಲ್ಲದೆ ಮಾಡುವ ದಾರಿ ಇದು.

ಪವರ್ ಪಿನ್ ಎರರ್: ಬಾಯಿ ಮುಚ್ಚಿಸುವ ಮೊದಲು ಕೇಳಿ

ಎಲ್ಲರನ್ನೂ ಕಾಡುವ ಎರರ್ ಒಂದಿದೆ. ಇನ್‌ಪುಟ್ ಪವರ್ ಪಿನ್ ಯಾವ ಔಟ್‌ಪುಟ್ ಪವರ್ ಪಿನ್ನಿನಿಂದಲೂ ಡ್ರೈವ್ ಆಗುತ್ತಿಲ್ಲ ಅಂತ ಅದರ ಒಕ್ಕಣೆ. ಪರಿಚಯದವರನ್ನು ಕೇಳಿದರೆ ತಕ್ಷಣ ಉತ್ತರ ಬರುತ್ತದೆ: "ಒಂದು ಪವರ್ ಫ್ಲ್ಯಾಗ್ ಹಾಕು, ಹೋಗುತ್ತೆ." ಹೋಗುವುದು ನಿಜ. ಎರರ್ ಹೋಗುತ್ತದೆ, ದೋಷ ಅಲ್ಲೇ ಉಳಿಯಬಹುದು. ಈ ಸಲಹೆ ಕೊಡುವವರ ಮೇಲೆ ನನಗೆ ಬೇಸರವಿದೆ. ಅದಕ್ಕೇ ಈ ಭಾಗ ಚೂರು ಉದ್ದ.

ಸಿಂಬಲ್‌ನ ಪ್ರತಿ ಪಿನ್ನಿಗೂ ಒಂದು ಬಗೆ ಇರುತ್ತದೆ. 555ರ 8ನೇ ಪಿನ್ ಪವರ್ ತೆಗೆದುಕೊಳ್ಳುವುದು. 7805ರ 3ನೇ ಪಿನ್ ಪವರ್ ಕೊಡುವುದು. ರೆಸಿಸ್ಟರ್ ಮತ್ತು ಕನೆಕ್ಟರ್‌ಗಳ ಪಿನ್ ಎರಡೂ ಅಲ್ಲ, ಪ್ಯಾಸಿವ್. ಪವರ್ ತೆಗೆದುಕೊಳ್ಳುವ ಪಿನ್ ಇರುವ ಪ್ರತಿ ನೆಟ್‌ನಲ್ಲೂ ಪವರ್ ಕೊಡುವ ಪಿನ್ ಒಂದು ಇರಬೇಕು ಅನ್ನುವುದು ಇಆರ್‌ಸಿಯ ನಿಯಮ. ಅಡಾಪ್ಟರ್‌ನ ಕನೆಕ್ಟರ್ ಪ್ಯಾಸಿವ್ ಆದ್ದರಿಂದ ಅಲ್ಲಿಂದ 12 ವೋಲ್ಟ್ ಬರುತ್ತದೆ ಅಂತ ಕೀಕ್ಯಾಡ್‌ಗೆ ಗೊತ್ತಾಗುವುದಿಲ್ಲ. ಇಂಥ ಕಡೆ ಮಾತ್ರ ಪವರ್ ಫ್ಲ್ಯಾಗ್ ಬೇಕು. ಹೊರಗಿನಿಂದ ಇಲ್ಲಿ ಪವರ್ ಬರುತ್ತದೆ, ನಾನು ಬಲ್ಲೆ, ಅಂತ ನೀವು ಕೊಡುವ ಮಾತು ಅದು.

ನಮ್ಮ ಹುಡುಗ ಫ್ಲ್ಯಾಗನ್ನು ಕನೆಕ್ಟರ್‌ನ ಪಕ್ಕದಲ್ಲೇ ಹಾಕಿದ್ದ. 7805ರ ಇನ್‌ಪುಟ್ ಮೇಲೆ ಎರರ್ ಹಾಗೇ ಇತ್ತು. ಯಾಕೆ? ಮಧ್ಯೆ ಡಯೋಡ್ ಇದೆ. ಡಯೋಡ್‌ನ ಈಚೆಗೆ ಒಂದು ನೆಟ್, ಆಚೆಗೆ ಇನ್ನೊಂದು ನೆಟ್. ನಾಲೆಯ ನೀರು ತೂಬು ದಾಟಿದ ಮೇಲೆ ಬೇರೆ ಕಾಲುವೆಯ ಹೆಸರಿನಲ್ಲಿ ಹರಿಯುವ ಹಾಗೆ, ಕರೆಂಟ್ ಅದೇ ಆದರೂ ನೆಟ್ ಬೇರೆ. ಡಯೋಡ್, ಫ್ಯೂಸ್, ಸ್ವಿಚ್, ರೆಸಿಸ್ಟರ್, ಯಾವುದೇ ಬಿಡಿಭಾಗ ದಾಟಿದರೂ ನೆಟ್ ಬದಲಾಗುತ್ತದೆ. ಹಾಗಾಗಿ ಫ್ಲ್ಯಾಗ್ ಕೂರಬೇಕಾದ್ದು ಡಯೋಡ್‌ಗೂ 7805ಕ್ಕೂ ಮಧ್ಯದ ನೆಟ್‌ನಲ್ಲಿ. ಗ್ರೌಂಡ್ ನೆಟ್‌ಗೂ ಒಂದು ಬೇಕು, ಯಾಕೆಂದರೆ ಗ್ರೌಂಡ್ ಕೂಡ ಅದೇ ಕನೆಕ್ಟರ್‌ನಿಂದ ಬರುತ್ತಿದೆ. 5 ವೋಲ್ಟಿನ ನೆಟ್‌ಗೆ ಬೇಡವೇ ಬೇಡ. ಅಲ್ಲಿ 7805ರ ಔಟ್‌ಪುಟ್ ಪಿನ್ ಇದೆ. ಅಲ್ಲೂ ಫ್ಲ್ಯಾಗ್ ಹಾಕಿದರೆ ಎರಡು ಪವರ್ ಔಟ್‌ಪುಟ್ ಸೇರಿವೆ ಅಂತ ಹೊಸ ಎರರ್ ಬರುತ್ತದೆ, ಬರಬೇಕಾದ್ದೂ ಸರಿಯೇ. ಈ ಸರ್ಕ್ಯೂಟಿಗೆ ಒಟ್ಟು ಎರಡೇ ಫ್ಲ್ಯಾಗ್.

ಇವೆರಡೂ ಸರಿಹೋದ ಮೇಲೂ 555ರ 8ನೇ ಪಿನ್ ಮೇಲೆ ಅದೇ ಎರರ್ ಉಳಿದಿತ್ತು. ಚಿತ್ರದಲ್ಲಿ ಆ ಪಿನ್ನಿಗೆ ಪವರ್ ಸಿಂಬಲ್ ಚೆನ್ನಾಗಿಯೇ ಕೂತಿತ್ತು, ಸೊನ್ನೆಯೂ ಹೋಗಿತ್ತು. ಹುಡುಗ ಮೂರನೇ ಫ್ಲ್ಯಾಗ್ ಎತ್ತಿಕೊಂಡಿದ್ದ. "ತಡಿಯಪ್ಪ, ಮೊದಲು ಆ ನೆಟ್ ಹೈಲೈಟ್ ಮಾಡು" ಅಂದೆ. ಮಾಡಿದಾಗ ಮಿನುಗಿದ್ದು 555ರ 8 ಮತ್ತು 4ನೇ ಪಿನ್ ಎರಡೇ. 7805 ಮಿನುಗಲಿಲ್ಲ. ರೆಗ್ಯುಲೇಟರ್ ಕಡೆ ಬಳಸಿದ್ದು ಪ್ಲಸ್ 5ವಿ ಅನ್ನುವ ಸಿಂಬಲ್. 555ರ ಕಡೆ ಬಳಸಿದ್ದು ವಿಸಿಸಿ ಅನ್ನುವ ಸಿಂಬಲ್. ಪುಸ್ತಕದ ಚಿತ್ರ ನೋಡಿ ಬರೆಯುವಾಗ ಅಲ್ಲಿ ಹೇಗಿತ್ತೋ ಹಾಗೆ ಹಾಕಿದ್ದ. ನಮಗೆ ಎರಡೂ 5 ವೋಲ್ಟ್. ಕೀಕ್ಯಾಡ್‌ಗೆ ಹೆಸರು ಬೇರೆ, ಆದ್ದರಿಂದ ನೆಟ್ ಬೇರೆ.

ಅಲ್ಲಿ ಫ್ಲ್ಯಾಗ್ ಹಾಕಿದ್ದರೆ ಏನಾಗುತ್ತಿತ್ತು ಯೋಚಿಸಿ. ಇಆರ್‌ಸಿ ಸೊನ್ನೆ ಎರರ್ ಅನ್ನುತ್ತಿತ್ತು. ಬೋರ್ಡ್ ತಯಾರಾಗುತ್ತಿತ್ತು. 555ಕ್ಕೆ ಪವರ್ ಟ್ರ್ಯಾಕೇ ಇರುತ್ತಿರಲಿಲ್ಲ. ಟ್ಯಾಂಕ್ ಖಾಲಿಯಿದ್ದರೂ ಪಂಪ್ ಶುರುವಾಗದಿದ್ದಾಗ ದೋಷ ಹುಡುಕುವುದು, ಸ್ಕ್ರೀನ್ ಮೇಲೆ ಹುಡುಕುವಷ್ಟು ಸುಲಭವಲ್ಲ ಅಲ್ವಾ? ಒಂದು ಸಿಂಬಲ್ ಬದಲಿಸಿದ, ಎರರ್ ಹೋಯಿತು.

ಗ್ರೌಂಡ್‌ನಲ್ಲೂ ಇದೇ ಬಲೆ ಇದೆ. ಲೈಬ್ರರಿಯಲ್ಲಿ ಮಾಮೂಲಿ ಗ್ರೌಂಡ್, ಅನಲಾಗ್ ಗ್ರೌಂಡ್, ಡಿಜಿಟಲ್ ಗ್ರೌಂಡ್, ಅರ್ತ್ ಅಂತ ಬೇರೆ ಬೇರೆ ಸಿಂಬಲ್‌ಗಳಿವೆ. ನೋಡಲು ಹತ್ತಿರ ಹತ್ತಿರ, ನೆಟ್ ಬೇರೆ ಬೇರೆ. ಸಣ್ಣ ಸರ್ಕ್ಯೂಟಿನಲ್ಲಿ ಒಂದೇ ಬಗೆ ಆರಿಸಿ, ಬೇಕಾದ ಕಡೆಯೆಲ್ಲ ಅದನ್ನೇ ಕಾಪಿ ಮಾಡಿ.

ಎಕ್ಸ್ ಗುರುತು

ಬಳಸದ ಪಿನ್ನಿನ ಮೇಲೆ ಕ್ಯೂ ಒತ್ತಿ ಎಕ್ಸ್ ಗುರುತು ಇಟ್ಟರೆ ಸೇರಿಲ್ಲ ಅನ್ನುವ ಎರರ್ ಹೋಗುತ್ತದೆ. ನಮ್ಮ ಸರ್ಕ್ಯೂಟಿನಲ್ಲಿ 555ರ 7ನೇ ಪಿನ್ ಬಳಕೆಯಿಲ್ಲ, ರಿಲೇಯ ಒಂದು ಕಾಂಟ್ಯಾಕ್ಟ್ ಬಳಕೆಯಿಲ್ಲ. ಅಲ್ಲಿ ಎಕ್ಸ್ ಸರಿ. ಆದರೆ 4ನೇ ಪಿನ್ ರಿಸೆಟ್. ಅದನ್ನು ತೇಲಲು ಬಿಟ್ಟು ಎಕ್ಸ್ ಇಟ್ಟರೆ ಇಆರ್‌ಸಿ ಒಪ್ಪಿಕೊಳ್ಳುತ್ತದೆ, 555 ಮಾತ್ರ ಮನಸ್ಸಿಗೆ ಬಂದಾಗ ರಿಸೆಟ್ ಆಗಬಹುದು. ಅದು 5 ವೋಲ್ಟಿಗೆ ಹೋಗಬೇಕು. 5ನೇ ಪಿನ್ನಿಗೆ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ ಗ್ರೌಂಡ್ ಕೊಡುವುದು ರೂಢಿ. ಡೇಟಾಶೀಟ್ ನೋಡಿದ ಮೇಲೇ ಎಕ್ಸ್ ಇಡಿ.

ಸಿಂಬಲ್ ಸರಿ, ಕಾಲು ತಪ್ಪು

ಇಆರ್‌ಸಿ ಶುದ್ಧವಾಯಿತು. ಈಗ ಪ್ರತಿ ಸಿಂಬಲ್‌ಗೂ ಫುಟ್‌ಪ್ರಿಂಟ್ ಕೊಡಬೇಕು, ಎಫ್8 ಒತ್ತಿ ಬೋರ್ಡ್‌ಗೆ ಕಳಿಸಬೇಕು. ಎಫ್8 ಕೆಲಸ ಮಾಡದಿದ್ದರೆ ಬೋರ್ಡ್ ಫೈಲನ್ನು ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದಿದ್ದೀರಿ. ಪ್ರಾಜೆಕ್ಟ್ ಫೈಲ್ ತೆರೆದು ಅದರೊಳಗಿಂದ ಬೋರ್ಡ್ ಎಡಿಟರ್‌ಗೆ ಹೋಗಿ.

ಸಿಂಬಲ್‌ನ ಪಿನ್ ನಂಬರ್ ಮತ್ತು ಫುಟ್‌ಪ್ರಿಂಟ್‌ನ ಪ್ಯಾಡ್ (ಕಾಲು ಬೆಸೆಯುವ ತಾಮ್ರದ ಜಾಗ) ನಂಬರ್ ಒಂದಕ್ಕೊಂದು ಹೊಂದಿದರೆ ಮಾತ್ರ ಜೋಡಣೆ. ಎ1, ಎ2, 11, 12, 14 ಅಂತ ಪಿನ್ ಇರುವ ಸಾಮಾನ್ಯ ರಿಲೇ ಸಿಂಬಲ್‌ಗೆ 1ರಿಂದ 5ರವರೆಗೆ ಪ್ಯಾಡ್ ಇರುವ ಫುಟ್‌ಪ್ರಿಂಟ್ ಕೊಟ್ಟರೆ, ಎಫ್8 ಒತ್ತಿದಾಗ ಪ್ಯಾಡ್ ಸಿಗುತ್ತಿಲ್ಲ ಅಂತ ಎರರ್ ಬರುತ್ತದೆ. ಇದು ಒಳ್ಳೆಯ ಎರರ್, ಕೂಗಿ ಹೇಳುತ್ತದೆ. ಕೂಗದೆ ಕೆಡಿಸುವುದು ಟ್ರಾನ್ಸಿಸ್ಟರ್. ಅದರ ಪ್ಯಾಡ್‌ಗಳು ಯಾವತ್ತೂ 1, 2, 3 ಆದ್ದರಿಂದ ಎರರ್ ಬರುವುದೇ ಇಲ್ಲ.

ಬಿಸಿ547ರ ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇಟ್ಟು ನೋಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಪಿಎನ್2222ಎ ಅದೇ ಆಕಾರದ್ದು, ಆದರೆ ಎಮಿಟರ್, ಬೇಸ್, ಕಲೆಕ್ಟರ್. ಅಂಗಡಿಯವರು ಬಿಸಿ547 ಇಲ್ಲ, ಇದೂ ಎನ್‌ಪಿಎನ್ನೇ ತಗೊಳ್ಳಿ ಅಂತ ಕೊಟ್ಟರೆ ಕಾಲು ಅದಲುಬದಲಾಯಿತು. ಹಳೆಯ ಲ್ಯಾಬ್‌ಗಳಲ್ಲಿ ಸಿಗುವ ಎಸ್‌ಎಲ್100 ಲೋಹದ ಟೋಪಿಯದು, ಅದರ ಪುಟ್ಟ ಕಿವಿಯ ಪಕ್ಕದ ಕಾಲು ಎಮಿಟರ್. ರೆಗ್ಯುಲೇಟರ್‌ಗಳೂ ಹೀಗೇ. 7805ರಲ್ಲಿ 1 ಇನ್‌ಪುಟ್, 2 ಗ್ರೌಂಡ್, 3 ಔಟ್‌ಪುಟ್. 7905ರಲ್ಲಿ 1 ಗ್ರೌಂಡ್, 2 ಇನ್‌ಪುಟ್. ಎಲ್ಎಂ317ರಲ್ಲಿ 1 ಅಡ್ಜಸ್ಟ್, 2 ಔಟ್‌ಪುಟ್, 3 ಇನ್‌ಪುಟ್. ಮೂರೂ ಒಂದೇ ಆಕಾರ.

ಹಾಗಾಗಿ ಬಿಡಿಭಾಗಗಳನ್ನು ಮೊದಲು ಕೊಂಡು ಕೈಯಲ್ಲಿಟ್ಟುಕೊಳ್ಳಿ, ಬೋರ್ಡ್ ಆಮೇಲೆ ಬರೆಯಿರಿ. ಮೈಸೂರಿನಲ್ಲಿ ಸಿಕ್ಕಿದ್ದೋ ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿದ್ದೋ, ರಿಲೇಯ ಕಾಲುಗಳ ಅಂತರ ವರ್ನಿಯರ್‌ನಲ್ಲಿ ಅಳೆಯಿರಿ. ಬೋರ್ಡಿನ ಪ್ರಿಂಟನ್ನು ಒಂದಕ್ಕೊಂದು ಅಳತೆಯಲ್ಲಿ ಕಾಗದದ ಮೇಲೆ ತೆಗೆದು, ಥರ್ಮೊಕೋಲ್ ಮೇಲಿಟ್ಟು ಬಿಡಿಭಾಗಗಳನ್ನು ಚುಚ್ಚಿ ನೋಡಿ. ಕೂರದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಇಆರ್‌ಸಿಗೆ ಕಾಣದ್ದು

ಸೊನ್ನೆ ಎರರ್ ಅಂದರೆ ಜೋಡಣೆಯ ನಿಯಮ ಮುರಿದಿಲ್ಲ ಅಂತ ಮಾತ್ರ. ಸರ್ಕ್ಯೂಟ್ ಕೆಲಸ ಮಾಡುತ್ತದೆ ಅಂತ ಅಲ್ಲ.

ರಿಲೇ ಕಾಯಿಲ್‌ಗೆ ಅಡ್ಡಲಾಗಿ ಹಾಕುವ ಡಯೋಡ್ ನೋಡಿ. ಟ್ರಾನ್ಸಿಸ್ಟರ್ ಆಫ್ ಆದಾಗ ಕಾಯಿಲ್‌ನಿಂದ ಏಳುವ ವೋಲ್ಟೇಜನ್ನು ಅದು ತಡೆಯಬೇಕು. ಅದರ ಕ್ಯಾಥೋಡ್, ಅಂದರೆ ಪಟ್ಟೆ ಇರುವ ಕಡೆ, 5 ವೋಲ್ಟಿಗೆ ಹೋಗಬೇಕು. ಕೀಕ್ಯಾಡ್‌ನಲ್ಲಿ ಕ್ಯಾಥೋಡ್ 1ನೇ ಪಿನ್, ಆನೋಡ್ 2ನೇ ಪಿನ್. ತಿರುಗಿಸಿ ಹಾಕಿದರೂ ಇಆರ್‌ಸಿ ಚಕಾರ ಎತ್ತುವುದಿಲ್ಲ. ಟ್ರಾನ್ಸಿಸ್ಟರ್ ಆನ್ ಆದ ಕೂಡಲೇ ಕರೆಂಟ್ ಕಾಯಿಲ್ ಬಿಟ್ಟು ಡಯೋಡ್ ಮೂಲಕ ನುಗ್ಗುತ್ತದೆ, ಟ್ರಾನ್ಸಿಸ್ಟರ್ ಸುಡುತ್ತದೆ.

ಬೇಸ್ ರೆಸಿಸ್ಟರ್‌ನ ಬೆಲೆಯೂ ಅದಕ್ಕೆ ಗೊತ್ತಿಲ್ಲ. ಸಾಮಾನ್ಯವಾಗಿ ಸಿಗುವ 5 ವೋಲ್ಟಿನ ಸಣ್ಣ ರಿಲೇಯ ಕಾಯಿಲ್ ಸುಮಾರು 70 ಓಮ್. ಅಂದರೆ ಸುಮಾರು 70 ಮಿಲಿಆಂಪಿಯರ್ ಎಳೆಯುತ್ತದೆ. ಬಿಸಿ547ರ ಮಿತಿ 100. ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಲು ಬೇಸ್‌ಗೆ ಇದರ ಇಪ್ಪತ್ತರಲ್ಲಿ ಒಂದು ಪಾಲು, 3.5 ಮಿಲಿಆಂಪಿಯರ್ ಕೊಡೋಣ. 555ರ ಔಟ್‌ಪುಟ್ ಪೂರ್ತಿ 5 ಮುಟ್ಟುವುದಿಲ್ಲ, 3.3ರ ಆಸುಪಾಸು ಅಂತ ಹಿಡಿದರೆ ಬೇಸ್‌ನ 0.7 ಕಳೆದು ಉಳಿಯುವುದು 2.6 ವೋಲ್ಟ್. ರೆಸಿಸ್ಟರ್ ಸುಮಾರು 740 ಓಮ್. 680 ಹಾಕಿ. ಎಲ್ಲೋ ನೋಡಿದ 10 ಕಿಲೋಓಮ್ ಹಾಕಿದರೆ ರಿಲೇ ಕೆಲವೊಮ್ಮೆ ಕಚ್ಚುತ್ತದೆ, ಕೆಲವೊಮ್ಮೆ ಬರೀ ಗುಯ್‌ಗುಡುತ್ತದೆ.

230 ವೋಲ್ಟಿನ ಕಡೆ ಇನ್ನೂ ಹುಷಾರಾಗಿರಬೇಕು. ಹೊಸ ಬೋರ್ಡಿನಲ್ಲಿ ಟ್ರ್ಯಾಕ್‌ಗಳ ನಡುವಿನ ಡೀಫಾಲ್ಟ್ ಅಂತರ 0.2 ಮಿಲಿಮೀಟರ್. 5 ವೋಲ್ಟಿಗೆ ಅದು ಸಾಕು, ಮೇನ್ಸ್‌ಗೆ ಅಪಾಯ. ರಿಲೇ ಕಾಂಟ್ಯಾಕ್ಟ್‌ನ ನೆಟ್‌ಗಳಿಗೆ ಬೇರೆ ನೆಟ್ ಕ್ಲಾಸ್ (ಒಂದೇ ನಿಯಮ ಪಾಲಿಸುವ ನೆಟ್‌ಗಳ ಗುಂಪು) ಮಾಡಿ, 5 ವೋಲ್ಟಿನ ಭಾಗದಿಂದ ಕನಿಷ್ಠ 6 ಮಿಲಿಮೀಟರ್ ದೂರ ಇಡಿ, ಗ್ರೌಂಡ್ ತಾಮ್ರ ಆ ಕಡೆ ಹರಡದಂತೆ ತಡೆಯಿರಿ. ಇದೇ ಬೋರ್ಡಿನ ಪ್ರೋಬ್ ವೈರ್ ಟ್ಯಾಂಕಿನ ನೀರಿನೊಳಗೆ ಇರುತ್ತದೆ, ಆ ನೀರು ಮನೆಯ ನಲ್ಲಿಗೆ ಬರುತ್ತದೆ. ಮೇನ್ಸ್ ಜೋಡಣೆಯನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ ಪಕ್ಕದಲ್ಲಿಟ್ಟುಕೊಂಡೇ ಮಾಡಿ.

ಎರರ್‌ಗಳ ರಾಶಿ ಬಂದಾಗ

ಮೇಲಿಂದ ಕೆಳಗೆ ಒಂದೊಂದೇ ಬಿಡಿಸಲು ಹೋಗಬೇಡಿ. ಮೊದಲು ಗ್ರಿಡ್ ವಾರ್ನಿಂಗ್‌ಗಳು, ಆಮೇಲೆ ಸೇರದ ಪಿನ್ ಮತ್ತು ಲೇಬಲ್‌ಗಳು, ಕೊನೆಗೆ ಪವರ್ ಪಿನ್ ಎರರ್‌ಗಳು. ಪ್ರತಿ ಹಂತಕ್ಕೂ ಇಆರ್‌ಸಿ ಮತ್ತೆ ಓಡಿಸಿ. ಒಂದು ವೈರ್ ಸರಿಮಾಡಿದರೆ ಐದಾರು ಎರರ್ ಒಟ್ಟಿಗೆ ಹೋಗುವುದು ಮಾಮೂಲು. ಯಾವುದೋ ಒಂದು ವಾರ್ನಿಂಗ್ ನಿಜವಾಗಿಯೂ ಲೆಕ್ಕಕ್ಕಿಲ್ಲ ಅನ್ನಿಸಿದರೆ ಅದೊಂದನ್ನು ಮಾತ್ರ ಬಲಗಡೆ ಕ್ಲಿಕ್ ಮಾಡಿ ಹೊರಗಿಡಿ. ಆ ಬಗೆಯ ವಾರ್ನಿಂಗನ್ನೇ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದರೆ ಮುಂದಿನ ಸಲ ಬರುವ ನಿಜವಾದ ದೋಷವೂ ಮುಚ್ಚಿಹೋಗುತ್ತದೆ.

ಬೋರ್ಡ್ ಕೈಗೆ ಬಂದು ಬೆಸುಗೆ ಮುಗಿದ ಮೇಲೆ 555ನ್ನು ಸಾಕೆಟ್‌ಗೆ ಹಾಕಬೇಡಿ, ಮೇನ್ಸ್ ಕಡೆಯೂ ಏನೂ ಜೋಡಿಸಬೇಡಿ. ಮಲ್ಟಿಮೀಟರ್‌ನಲ್ಲಿ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಬೀಪ್ ಬರುತ್ತದಾ ನೋಡಿ, ಬಂದರೆ ಶಾರ್ಟ್. ಬರದಿದ್ದರೆ ಅಡಾಪ್ಟರ್ ಹಾಕಿ, ಖಾಲಿ ಸಾಕೆಟ್‌ನ 8 ಮತ್ತು 1ನೇ ಕಾಲಿನ ನಡುವೆ ಅಳೆಯಿರಿ. 5 ವೋಲ್ಟ್ ಬಂದರೆ ಅಡಾಪ್ಟರ್ ತೆಗೆದು 555 ಕೂರಿಸಿ. ಬರದಿದ್ದರೆ ಸ್ಕೆಮ್ಯಾಟಿಕ್ ತೆರೆದು ಆ ನೆಟ್ ಹೈಲೈಟ್ ಮಾಡಿ, ಅದೇ ದಾರಿಯಲ್ಲಿ ಬೋರ್ಡಿನ ಮೇಲೆ ಅಡಾಪ್ಟರ್ ಕಡೆಯಿಂದ ಒಂದೊಂದೇ ಕಾಲು ಅಳೆಯುತ್ತಾ ಬನ್ನಿ.